ಸೌರಫಲಕ ಅಗ್ಗವಾದ ದಾರಿ: ಅಮೆರಿಕದ ಸರ್ಕಾರಿ ಹಣ ಎಲ್ಲಿ ಫಲಿಸಿತು?

2007ರ ಮಾರ್ಚ್‌ನಲ್ಲಿ ಅಮೆರಿಕದ ಇಂಧನ ಇಲಾಖೆ 13 ಕೈಗಾರಿಕಾ ತಂಡಗಳ ಹೆಸರು ಪ್ರಕಟಿಸಿತು. ಸೌರ ವಿದ್ಯುತ್ತಿನ ಬೆಲೆಯನ್ನು 2015ರೊಳಗೆ ಗ್ರಿಡ್ ವಿದ್ಯುತ್ತಿನ ಮಟ್ಟಕ್ಕೆ ತರುವುದು ಗುರಿ. ಮೂರು ವರ್ಷಕ್ಕೆ ಸರ್ಕಾರದಿಂದ 16.8 ಕೋಟಿ ಡಾಲರ್‌ವರೆಗೆ ನೆರವು. ಅದಕ್ಕಿಂತ ಹೆಚ್ಚಿನ ಪಾಲನ್ನು ಕಂಪನಿಗಳೇ ಹಾಕಿ ಒಟ್ಟು 35.7 ಕೋಟಿ ಡಾಲರ್. ಬೋಯಿಂಗ್, ಡೌ, ಜನರಲ್ ಎಲೆಕ್ಟ್ರಿಕ್, ಬಿಪಿ ಸೋಲಾರ್‌ನಂಥ ದೊಡ್ಡವರೂ ನ್ಯಾನೋಸೋಲಾರ್, ಕೊನಾರ್ಕಾ, ಮಿಯಾಸೋಲೆಯಂಥ ಹೊಸಬರೂ ಆ ಪಟ್ಟಿಯಲ್ಲಿದ್ದರು.

ಮುಂದೆ ಆದದ್ದು ಹೀಗೆ: ಬಿಪಿ 2011ರ ಕೊನೆಗೆ ಸೌರ ವ್ಯವಹಾರವನ್ನೇ ಕೈಬಿಟ್ಟಿತು. ಕೊನಾರ್ಕಾ ಮತ್ತು ಅದೇ ಪಟ್ಟಿಯ ಯುನೈಟೆಡ್ ಸೋಲಾರ್ 2012ರಲ್ಲಿ ದಿವಾಳಿಯಾದವು. ನ್ಯಾನೋಸೋಲಾರ್ ಮರುವರ್ಷ ಬಾಗಿಲು ಹಾಕಿತು. ಮಿಯಾಸೋಲೆ ಚೀನಾದ ಹನರ್ಜಿಯ ಪಾಲಾಯಿತು. ಪಟ್ಟಿಯಲ್ಲಿದ್ದವರ ಪೈಕಿ ಬಹುಕಾಲ ಗಟ್ಟಿಯಾಗಿ ನಿಂತಿದ್ದ ಸನ್‌ಪವರ್ ಕೂಡ 2024ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ತೆರಿಗೆದಾರರ ಹಣ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತಾಯಿತು ಎಂದು ಟೀಕಿಸಿದವರಿಗೆ ಕೊರತೆಯಿರಲಿಲ್ಲ. ಆದರೆ ಇದೇ ಅವಧಿಯಲ್ಲಿ ಸೌರಫಲಕದ ಬೆಲೆ ಯಾರೂ ಊಹಿಸದಷ್ಟು ಕುಸಿದಿತ್ತು. ಯಾವ ಕಂಪನಿ ಬದುಕಿತು, ಯಾವುದು ಸತ್ತಿತು ಎಂಬ ಲೆಕ್ಕ ಹಿಡಿದು ಇಂಥ ಯೋಜನೆಗಳನ್ನು ಅಳೆಯುವುದೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಐವತ್ತು ವರ್ಷಗಳ ಇತಿಹಾಸ ನೋಡಿದರೆ ಅದಕ್ಕೆ ಕಾರಣ ಸಿಗುತ್ತದೆ.

ಬೆಲ್ ಪ್ರಯೋಗಾಲಯ 1954ರಲ್ಲಿ ಶೇ 6ರಷ್ಟು ದಕ್ಷತೆಯ ಸಿಲಿಕಾನ್ ಸೌರಕೋಶವನ್ನು ತೋರಿಸಿತು. ಮುಂದಿನ ಎರಡು ದಶಕ ಅದಕ್ಕೆ ಮುಖ್ಯ ಗಿರಾಕಿ ಉಪಗ್ರಹಗಳೇ. 1973ರ ಅಕ್ಟೋಬರ್‌ನಲ್ಲಿ, ಅರಬ್ ದೇಶಗಳು ತೈಲ ನಿಲ್ಲಿಸಿದ ಅದೇ ತಿಂಗಳು, ನ್ಯೂಜೆರ್ಸಿಯ ಚೆರ್ರಿ ಹಿಲ್‌ನಲ್ಲಿ ವಿಜ್ಞಾನಿಗಳೂ ಉದ್ಯಮಿಗಳೂ ಸೇರಿ ಸೌರಕೋಶವನ್ನು ಭೂಮಿಗೆ ಇಳಿಸುವ ಬಗೆಯನ್ನು ಚರ್ಚಿಸಿದರು. ಅದರ ಫಲವಾಗಿ 1975ರಲ್ಲಿ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಗೆ, ಅಂದರೆ ಜೆಪಿಎಲ್‌ಗೆ, ಒಂದು ಯೋಜನೆ ಒಪ್ಪಿಸಲಾಯಿತು. ಹತ್ತು ವರ್ಷದಲ್ಲಿ ಫಲಕದ ಬೆಲೆ ವಾಟ್‌ಗೆ 50 ಸೆಂಟ್‌ಗೆ ಬರಬೇಕು ಎಂಬುದು ಅದರ ಗುರಿ.

ಆ ಗುರಿ ತಲುಪಲಿಲ್ಲ. ಆದರೂ ಇಡೀ ಇತಿಹಾಸದಲ್ಲಿ ಅತ್ಯಂತ ಫಲವತ್ತಾದ ಹತ್ತು ವರ್ಷ ಅವೇ. ಜೆಪಿಎಲ್ ಕಂಪನಿಗಳಿಗೆ ಅನುದಾನ ಕೊಟ್ಟು ಸುಮ್ಮನೆ ಕೂರಲಿಲ್ಲ. ಕಂತು ಕಂತಾಗಿ, ಐದು ಸುತ್ತಿನಲ್ಲಿ ಫಲಕಗಳನ್ನು ಖರೀದಿಸಿ ಪರೀಕ್ಷೆಗೊಡ್ಡಿತು. ಮೈನಸ್ 40 ಡಿಗ್ರಿಯಿಂದ 90 ಡಿಗ್ರಿಯವರೆಗೆ ಕಾಯಿಸಿ ತಣ್ಣಗಾಗಿಸುವುದು, ತೇವದಲ್ಲಿಟ್ಟು ಹೆಪ್ಪುಗಟ್ಟಿಸುವುದು, ಆಲಿಕಲ್ಲಿನ ಬದಲು ಮಂಜುಗಡ್ಡೆಯ ಗುಂಡನ್ನು ಗಾಜಿಗೆ ಹೊಡೆಯುವುದು. ಎಲ್ಲಿ ಬೆಸುಗೆ ಬಿಟ್ಟಿತು, ಯಾವ ಕೋಶ ನೆರಳು ಬಿದ್ದಾಗ ಕಾದು ಸುಟ್ಟಿತು ಎಂಬುದು ವರದಿಯಾಗಿ ಹೊರಬಿತ್ತು. ಒಂದು ಕಂಪನಿಯ ಸೋಲು ಉಳಿದವರಿಗೆ ಪಾಠವಾಯಿತು. ಪ್ರತಿ ಸುತ್ತಿನಲ್ಲೂ ಪರೀಕ್ಷೆ ಬಿಗಿಯಾಯಿತು. ಐದನೆಯ ಸುತ್ತಿನ ಹೊತ್ತಿಗೆ 200 ಬಾರಿ ಕಾಯಿಸಿ ತಣಿಸುವ ನಿಯಮ ಬಂತು. ಇಂದು ಜಗತ್ತಿನಾದ್ಯಂತ ಫಲಕಗಳಿಗೆ ಪ್ರಮಾಣಪತ್ರ ಕೊಡುವ ಐಇಸಿ 61215 ಮಾನದಂಡ ಬಹುಮಟ್ಟಿಗೆ ಇದೇ ಪರೀಕ್ಷೆಗಳ ಮೇಲೆ ನಿಂತಿದೆ.

ಕೋಶಗಳನ್ನು ಗಾಜಿಗೆ ಅಂಟಿಸುವ ಇವಿಎ ಪ್ಲಾಸ್ಟಿಕ್ ಪದರವೂ ಇದೇ ಯೋಜನೆಯ ಕೊಡುಗೆ. ಮೊದಲು ಬಳಸುತ್ತಿದ್ದ ಸಿಲಿಕೋನ್ ದುಬಾರಿ, ದೂಳನ್ನೂ ಹಿಡಿಯುತ್ತಿತ್ತು. ಇವಿಎಯ ಕತೆ ಅಲ್ಲಿಗೇ ಮುಗಿಯಲಿಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕರಿಸಾ ಬಯಲಿನಲ್ಲಿ ಆರ್ಕೋ ಸೋಲಾರ್ ದೊಡ್ಡ ಸೌರಸ್ಥಾವರ ಕಟ್ಟಿತು. ಹೆಚ್ಚು ಬಿಸಿಲು ಸಿಗಲೆಂದು ಫಲಕಗಳ ಪಕ್ಕದಲ್ಲಿ ಕನ್ನಡಿ ಹಾಕಿದ್ದರು. ಕೆಲವೇ ವರ್ಷಗಳಲ್ಲಿ ಇವಿಎ ಕಂದುಬಣ್ಣಕ್ಕೆ ತಿರುಗಿ ಉತ್ಪಾದನೆ ಕುಗ್ಗಿತು. ಇದಕ್ಕೆ ಪರಿಹಾರವಾಗಿ ಹೊಸ ಬಗೆಯ ಇವಿಎ ರೂಪುಗೊಂಡದ್ದು 1990ರ ದಶಕದಲ್ಲಿ, ಮತ್ತೊಂದು ಸರ್ಕಾರಿ ಪಾಲುದಾರಿಕೆಯ ಹಣದಲ್ಲಿ.

ಆ ಎರಡನೆಯ ಪಾಲುದಾರಿಕೆ ಬರುವ ಮೊದಲು ಒಂದು ಬರಗಾಲ ಹಾದುಹೋಯಿತು. ರೇಗನ್ ಸರ್ಕಾರ ಸೌರ ಸಂಶೋಧನೆಯ ಹಣಕ್ಕೆ ದೊಡ್ಡ ಕತ್ತರಿ ಹಾಕಿತು. ಕೊಲೊರಾಡೋದ ಸೌರ ಸಂಶೋಧನಾ ಸಂಸ್ಥೆಯ ನಿರ್ದೇಶಕ ಡೆನಿಸ್ ಹೇಯ್ಸ್ ಅವರನ್ನು 1981ರಲ್ಲಿ ತೆಗೆದುಹಾಕಿತು. ಅದೇ ಸಂಸ್ಥೆ 1991ರಲ್ಲಿ ರಾಷ್ಟ್ರೀಯ ಪ್ರಯೋಗಾಲಯವಾಗಿ ಎನ್‌ಆರ್‌ಇಎಲ್ ಎಂಬ ಹೆಸರು ಪಡೆಯಿತು. ಅದರ ನಿರ್ವಹಣೆಯಲ್ಲಿ ಶುರುವಾದ ಪಿವಿಮ್ಯಾಟ್ ಯೋಜನೆ ಹೊಸ ಆವಿಷ್ಕಾರಕ್ಕಲ್ಲ, ಕಾರ್ಖಾನೆಯ ಒಳಗಿನ ಕೆಲಸಕ್ಕೆ ಹಣ ಕೊಟ್ಟಿತು. ಸಿಲಿಕಾನ್ ಗಟ್ಟಿಯನ್ನು ತೆಳುವಾಗಿ ಸೀಳುವುದನ್ನೇ ನೋಡಿ. ದಪ್ಪ ಅಲಗಿನ ಗರಗಸದಲ್ಲಿ ದುಬಾರಿ ಸಿಲಿಕಾನ್ ಪುಡಿಯಾಗಿ ಹಾಳಾಗುತ್ತಿತ್ತು. ಸೋಲಾರೆಕ್ಸ್ ಕಂಪನಿ ಈ ನೆರವಿನಲ್ಲಿ ತಂತಿಗರಗಸವನ್ನು ಉತ್ಪಾದನೆಗೆ ಒಗ್ಗಿಸಿಕೊಂಡಿತು. ಅಷ್ಟೇ ಗಟ್ಟಿಯಿಂದ ಹೆಚ್ಚು ಬಿಲ್ಲೆಗಳು ಬಂದವು. ಸುದ್ದಿಯಾಗದ ಇಂಥ ಕೆಲಸಗಳಿಂದಲೇ ಬೆಲೆ ಸೆಂಟ್ ಸೆಂಟಾಗಿ ಇಳಿದದ್ದು.

ತೆಳುಪದರ ಫಲಕಗಳಿಗೂ ಪ್ರತ್ಯೇಕ ಪಾಲುದಾರಿಕೆಯಿತ್ತು. ಒಹಾಯೋದ ಗಾಜು ಉದ್ಯಮಿ ಹೆರಾಲ್ಡ್ ಮ್ಯಾಕ್‌ಮಾಸ್ಟರ್ ಕಟ್ಟಿದ ಕಂಪನಿ ಕ್ಯಾಡ್ಮಿಯಂ ಟೆಲ್ಯುರೈಡ್ ಹಿಡಿದು ವರ್ಷಗಟ್ಟಲೆ ಎನ್‌ಆರ್‌ಇಎಲ್ ಜೊತೆ ಕೆಲಸ ಮಾಡಿ, 1999ರಲ್ಲಿ ಫಸ್ಟ್ ಸೋಲಾರ್ ಆಯಿತು. ವಾಟ್‌ಗೆ ಒಂದು ಡಾಲರ್‌ಗಿಂತ ಕಡಿಮೆ ವೆಚ್ಚದಲ್ಲಿ ಫಲಕ ತಯಾರಿಸಿದ್ದಾಗಿ 2009ರಲ್ಲಿ ಅದು ಘೋಷಿಸಿತು.

2011ರ ಫೆಬ್ರುವರಿಯಲ್ಲಿ ಇಂಧನ ಸಚಿವ ಸ್ಟೀವನ್ ಚು ಸನ್‌ಶಾಟ್ ಯೋಜನೆ ಪ್ರಕಟಿಸಿದಾಗ ಗುರಿ ಇನ್ನೂ ದಿಟ್ಟವಾಯಿತು. 2020ರೊಳಗೆ ಬೆಲೆ ಶೇ 75ರಷ್ಟು ಇಳಿಯಬೇಕು. ದೊಡ್ಡ ಸ್ಥಾವರ ಕಟ್ಟಿ ನಿಲ್ಲಿಸುವ ಪೂರ್ತಿ ಖರ್ಚು ವಾಟ್‌ಗೆ ಒಂದು ಡಾಲರ್, ಅಂದರೆ ವಿದ್ಯುತ್ತಿನ ಬೆಲೆ ಯೂನಿಟ್ಟಿಗೆ ಸುಮಾರು 6 ಸೆಂಟ್. ಸರ್ಕಾರದಿಂದ 53.5 ಕೋಟಿ ಡಾಲರ್ ಸಾಲಖಾತರಿ ಪಡೆದಿದ್ದ ಸೌರಫಲಕ ಕಂಪನಿ ಸೋಲಿಂಡ್ರಾ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮುಳುಗಿ, ಇಡೀ ಕ್ಷೇತ್ರಕ್ಕೆ ಕೆಟ್ಟ ಹೆಸರು ಬಂತು. ಆದರೆ ಅದು ಒಂದೇ ಕಂಪನಿಯ ಕಾರ್ಖಾನೆಯ ಮೇಲೆ ಹೂಡಿದ ಸಾಲ. ಖರ್ಚನ್ನೂ ಕಲಿಕೆಯನ್ನೂ ಹಂಚಿಕೊಳ್ಳುವ ಪಾಲುದಾರಿಕೆಯ ಮಾದರಿ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಅನ್ಯಾಯ. 2017ರ ಸೆಪ್ಟೆಂಬರ್‌ನಲ್ಲಿ, ಗಡುವಿಗೆ ಮೂರು ವರ್ಷ ಮೊದಲೇ, 6 ಸೆಂಟ್ ಗುರಿ ಮುಟ್ಟಿದ್ದಾಗಿ ಇಲಾಖೆ ಹೇಳಿತು.

ಆ ಯಶಸ್ಸೆಲ್ಲ ಅಮೆರಿಕದ್ದೇ ಎನ್ನಲಾಗದು. ಜರ್ಮನಿ 2000ದಲ್ಲಿ ಸೌರ ವಿದ್ಯುತ್ತಿಗೆ ಖಚಿತ ದರ ಕೊಡುವ ಕಾನೂನು ತಂದು ಮಾರುಕಟ್ಟೆ ಸೃಷ್ಟಿಸಿತು. ಆ ಬೇಡಿಕೆಗೆ ಚೀನಾ ಬೃಹತ್ ಕಾರ್ಖಾನೆಗಳನ್ನು ಕಟ್ಟಿತು. ಎಂಐಟಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಲೆ ಇಳಿಕೆಯ ಸುಮಾರು ಶೇ 60ಕ್ಕೆ ಮಾರುಕಟ್ಟೆ ಬೆಳೆಸಿದ ನೀತಿಗಳೇ ಕಾರಣ. ಆದರೆ 2001ಕ್ಕೆ ಮೊದಲಿನ ಇಳಿಕೆಯಲ್ಲಿ ಸಂಶೋಧನೆಯ ಪಾಲೇ ಹಿರಿದು. ಚೀನಾದ ಕಾರ್ಖಾನೆಗಳಿಗೆ ತಂತಿಗರಗಸ, ಇವಿಎ, ಪರೀಕ್ಷೆಯ ನಿಯಮಗಳು ಸಿದ್ಧವಾಗಿ ಸಿಕ್ಕಿದ್ದು ಆ ಹಿಂದಿನ ದಶಕಗಳಿಂದ.

ಈ ಕತೆಯೊಂದಿಗೆ ನಮ್ಮ ದೇಶದ ನಂಟೂ ಹಳೆಯದು. 1989ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟಾಟಾ ಬಿಪಿ ಸೋಲಾರ್, ಬಿಪಿ ಹೊರನಡೆದ ಮೇಲೆ ಟಾಟಾ ಪವರ್ ಸೋಲಾರ್ ಆಗಿ ಉಳಿಯಿತು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಜಮೀನು ರೈತರಿಂದ ಗುತ್ತಿಗೆಗೆ ಬಂದದ್ದು ನಮಗೆಲ್ಲ ಗೊತ್ತು. ಕೇಂದ್ರ ಸರ್ಕಾರ ಫಲಕ ತಯಾರಿಕೆಗೆಂದು 2021ರಲ್ಲಿ 4,500 ಕೋಟಿ, 2022ರಲ್ಲಿ 19,500 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹಧನ ಪ್ರಕಟಿಸಿತು. ಅದರ ಲೆಕ್ಕ ಮಾರಾಟ, ದಕ್ಷತೆ, ದೇಶೀಯ ಬಿಡಿಭಾಗಗಳ ಪ್ರಮಾಣದ ಮೇಲೆ. ಜೆಪಿಎಲ್ ಮಾದರಿಗೆ ಹತ್ತಿರವಾದದ್ದು ಬೇರೆ ಕಡೆ ನಡೆದಿದೆ: ಕೇಂದ್ರದ ಹಣದಿಂದ 2010ರಲ್ಲಿ ಮುಂಬೈ ಐಐಟಿಯಲ್ಲಿ ಆರಂಭವಾದ ಕೇಂದ್ರವೊಂದು ದೇಶದ ಬೇರೆ ಬೇರೆ ಹವಾಮಾನಗಳಲ್ಲಿ ಫಲಕಗಳನ್ನು ಸ್ಥಳದಲ್ಲೇ ಅಳೆದು, ವರದಿಗಳನ್ನು ಬಹಿರಂಗವಾಗಿ ಪ್ರಕಟಿಸಿದೆ. ಬಿಸಿ ಪ್ರದೇಶದ ಫಲಕಗಳು ಬೇಗ ಸವೆಯುತ್ತವೆ, ದೊಡ್ಡ ಸ್ಥಾವರಗಳಿಗಿಂತ ಸಣ್ಣ ಚಾವಣಿ ಘಟಕಗಳ ಸ್ಥಿತಿ ಕೆಟ್ಟದಾಗಿದೆ ಎಂದು ಆ ಸಮೀಕ್ಷೆಗಳು ಹೇಳುತ್ತವೆ. ಮನೆ ಚಾವಣಿಗೆ ಸಬ್ಸಿಡಿ ಹಂಚುವ ಇಲಾಖೆಗಳು ಮೊದಲು ಓದಬೇಕಾದ ವರದಿಗಳು ಅವು.