ಕಪ್ಪು ಪುಸ್ತಕದ ಬಿಳಿಯ ಬರಹ

1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಅಲ್ಲಿ ಪಾಠ ಕೇಳುವ ವಿದ್ಯಾರ್ಥಿ ಟಿಪ್ಪಣಿ ಬರೆದುಕೊಳ್ಳುವಾಗ ತಲೆಬರಹದ ಕೆಳಗೆ ಗೀಟೆಳೆಯುತ್ತಾನೆ, ಅಂಕಣ ಮಾಡುತ್ತಾನೆ, ಮುಖ್ಯವಾದುದಕ್ಕೆ ಗುರುತು ಹಾಕುತ್ತಾನೆ. ಇದೇನೋ ಹೊಸ ವಿದ್ಯೆಯೆಂದು ಅವನು ತಿಳಿದಿದ್ದರೆ, ಈ ಸೀಮೆಯ ಹಳೆಯ ಶಾನುಭೋಗರು ನಕ್ಕಾರು.

ಅವರ ಟಿಪ್ಪಣಿ ಪುಸ್ತಕಕ್ಕೆ ಕಡತವೆಂದು ಹೆಸರು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಕಡಿತವೆರ್ಗಡೆ' ಎಂಬ ಅಧಿಕಾರಿ ಬರುತ್ತಾನೆಂದ ಮೇಲೆ ಈ ವಸ್ತುವಿನ ಹಳಮೆಯನ್ನು ಊಹಿಸಬಹುದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ ಇರುವ ಹತ್ತಿಬಟ್ಟೆಯ ಎರಡು ಮಗ್ಗುಲಿಗೂ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸುವುದು. ಅಂಟಿಗೆ ನಮ್ಮವರು ಹುಣಸೆಬೀಜವನ್ನು ಅರೆಯುತ್ತಿದ್ದರು. ಆಮೇಲೆ ಸಮಸಮನಾಗಿ ಮಡಿಸಿ, ಎರಡು ಕೊನೆಗೂ ತೆಳುವಾದ ಮರದ ಹಲಗೆ ಕೂಡಿಸುವುದು. ಬರೆಯುವುದು ಬಳಪದಿಂದ. ಹೊಯ್ಸಳರ ಶಿಲ್ಪಿಗಳು ದೇವಾಲಯಗಳಿಗೆ ಆರಿಸಿಕೊಂಡ ಮೆದುಗಲ್ಲನ್ನೂ ನಾವು ಬಳಪದ ಕಲ್ಲೆಂದೇ ಕರೆಯುತ್ತೇವಲ್ಲವೆ?

ಕಡತದ ಗುಣವಿರುವುದು ಅದರ ಮಡಿಕೆಯಲ್ಲಿ. ನಮ್ಮ ಪುಸ್ತಕದಲ್ಲಿ ಹಾಳೆ ಮಗುಚಿದೊಡನೆ ಹಿಂದಿನದು ಮರೆಯಾಗುತ್ತದೆ. ಕಡತವನ್ನಾದರೋ ನಾಲ್ಕು ಮಡಿಕೆ ಬಿಚ್ಚಿ ಹಾಸಿದರೆ ಬೆಳೆ, ಖರ್ಚು, ಬಾಕಿ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ಕಪ್ಪಿನ ಮೇಲೆ ಬಿಳಿ, ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಭಿನ್ನರಾಶಿಗಳಿಗೂ ಆಗಿನವರದು ನೋಟದ ಭಾಷೆಯೇ: ಒಂದು ನೆಟ್ಟ ಗೀಟು ಕಾಲು, ಎರಡು ಅರೆ, ಮೂರು ಮುಕ್ಕಾಲು. ಓದಿ ಅರ್ಥಮಾಡಿಕೊಳ್ಳುವ ಶ್ರಮವೂ ಇಲ್ಲ.

ಇಂಥ ಲೆಕ್ಕದಿಂದ ಏನು ಸಾಧ್ಯವೆಂಬುದಕ್ಕೆ ಕೆಳದಿಯ ಶಿವಪ್ಪನಾಯಕನ 'ಶಿಸ್ತು' ಸಾಕ್ಷಿ. 1645ರಿಂದ 1660ರವರೆಗೆ ಆಳಿದ ಈ ದೊರೆಯು ಗ್ರಾಮಗ್ರಾಮದಲ್ಲಿಯೂ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಹೊಲವನ್ನು 12 ವರ್ಷ ಕಾಲ ತನ್ನ ಖರ್ಚಿನಿಂದ ಸಾಗುವಳಿ ಮಾಡಿಸಿದನೆಂದು ಲೂಯಿ ರೈಸರ ಗೆಜೆಟಿಯರು ಹೇಳುತ್ತದೆ. ಬಿತ್ತಿದ ಬೀಜವೆಷ್ಟು, ಬೇಸಾಯದ ವೆಚ್ಚವೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂದು ಬರೆದಿಡಿಸಿ ಸರಾಸರಿ ತೆಗೆಸಿದನು. 50 ಸೇರಿನ ಖಂಡುಗಕ್ಕೆ ಒಂದು ಹಣ, 10 ಹಣಕ್ಕೆ ಒಂದು ವರಹ ಎಂದು ಹಿಡಿದು, ಒಟ್ಟು ಉತ್ಪತ್ತಿಯ ಮೂರನೆಯ ಒಂದು ಭಾಗವನ್ನು ಅರಮನೆಗೆ ಗೊತ್ತುಮಾಡಿದನು. ಮೂರರಲ್ಲೊಂದು ಹಗುರವಾದ ತೆರಿಗೆಯೇನೂ ಅಲ್ಲ. ಆದರೆ ಅಧಿಕಾರಿಯ ಬಾಯಿಗೆ ಬಂದಷ್ಟನ್ನು ಕೊಡುವುದಕ್ಕಿಂತ, ಕಣ್ಣೆದುರಿನ ಬೆಳೆಗೆ ತಕ್ಕಷ್ಟು ಕೊಡುವುದು ರೈತನಿಗೆ ಎಷ್ಟೋ ಮೇಲು.

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ, ಕೆಳದಿಯ ಅರಸರು ಆಳಿದ್ದ ಕೆನರಾ ಕರಾವಳಿ ಇಂಗ್ಲಿಷರ ಪಾಲಾಯಿತು. ಅಲ್ಲಿಗೆ ಕಲೆಕ್ಟರನಾಗಿ ಬಂದವನು ತಾಮಸ್ ಮನ್ರೋ. ನೆಲ ದೊರೆಯದೋ ಒಕ್ಕಲಿನದೋ ಎಂಬುದೇ ಅವನ ಮುಂದಿದ್ದ ಪ್ರಶ್ನೆ. ಉತ್ತರದ ಮೇಲೆ ಸಾವಿರಾರು ಮನೆಗಳ ಬದುಕು ನಿಂತಿತ್ತು. ಮನ್ರೋ ಶಾನುಭೋಗರ ಮನೆಗಳಲ್ಲಿದ್ದ ಹಳೆಯ ಲೆಕ್ಕಗಳನ್ನು ತರಿಸಿ ನೋಡಿದನು. ಅವನು 'ಕಪ್ಪು ಪುಸ್ತಕ'ಗಳೆಂದದ್ದು ಇವೇ ಕಡತಗಳನ್ನು. ಒದ್ದೆ ಬಟ್ಟೆಯಿಂದ ಒರಸಿದರೆ ಹೋಗುವ ಬರಹವನ್ನು ನಂಬುವುದು ಹೇಗೆಂದು ಕೇಳಬಹುದು. ಒಬ್ಬನ ಕಡತವನ್ನು ಒರಸಬಹುದು. ಊರೂರಿನ ಕಡತಗಳು ಒಂದಕ್ಕೊಂದು ತಾಳೆಯಾಗುವಾಗ ಎಲ್ಲವನ್ನೂ ಒರಸುವವರಾರು? ಕೆನರಾದ ನೆಲವು ವಂಶಪಾರಂಪರ್ಯವಾಗಿ ಬಂದ ಖಾಸಗಿ ಸ್ವತ್ತೆಂದು ಮನ್ರೋ 1800ರಲ್ಲಿ ಮೇಲಿನವರಿಗೆ ಬರೆದನು.