ಒಂಬತ್ತು, ಹತ್ತು, ಮೂರು: ಟಿಬೆಟನ್ ಸಾಕ್ಷ್ಯಗಳು ದಾಖಲೆಯಾದ ಬಗೆ

ಟಿಬೆಟಿನ ಮಾಜಿ ರಾಜಕೀಯ ಕೈದಿಗಳು 1991ರಲ್ಲಿ ಧರ್ಮಶಾಲೆಯಲ್ಲಿ ಕಟ್ಟಿಕೊಂಡ ಸಂಘದ ಹೆಸರು ಗು-ಚು-ಸುಮ್. ಹಾಗೆಂದರೆ ಒಂಬತ್ತು, ಹತ್ತು, ಮೂರು. 1987ರ ಸೆಪ್ಟೆಂಬರ್, ಅಕ್ಟೋಬರ್, ಮರುವರ್ಷದ ಮಾರ್ಚ್. ಲಾಸಾದ ಬೀದಿಗಿಳಿದು ಘೋಷಣೆ ಕೂಗಿದವರು ಏಟು, ಗುಂಡು ತಿಂದ ತಿಂಗಳುಗಳು. ಸಂಘಗಳಿಗೆ ದೇವರದೋ ನಾಯಕರದೋ ಹೆಸರಿಡುವುದು ರೂಢಿ. ಇವರು ತಿಂಗಳುಗಳನ್ನೇ ಇಟ್ಟುಕೊಂಡರು.

ಸೆರೆಯಿಂದ ಬಂದವರ ಸಾಕ್ಷ್ಯ ಬರೆದುಕೊಳ್ಳುವುದು ಈ ಸಂಘದ ಕೆಲಸಗಳಲ್ಲೊಂದು. ಇವರಿಗಿಂತ ಮೊದಲೂ ಸಾಕ್ಷ್ಯ ಬರೆದುಕೊಂಡವರಿದ್ದರು. 1959ರ ಮಾರ್ಚ್‌ನಲ್ಲಿ ಲಾಸಾದ ಬಂಡಾಯವನ್ನು ಚೀನಾದ ಸೇನೆ ಹತ್ತಿಕ್ಕಿದ ಮೇಲೆ ನಿರಾಶ್ರಿತರು ಭಾರತಕ್ಕೆ ಬಂದರು. ವಕೀಲ ಪುರುಷೋತ್ತಮ ತ್ರಿಕಮದಾಸರ ನೇತೃತ್ವದಲ್ಲಿ ಅಂತರರಾಷ್ಟ್ರೀಯ ನ್ಯಾಯಜ್ಞರ ಆಯೋಗದ ಸಮಿತಿ ಅವರ ಹೇಳಿಕೆ ಪಡೆದು 1960ರಲ್ಲಿ ವರದಿ ಕೊಟ್ಟಿತು. ಕೇಳಿದವರು ಕಾನೂನು ಬಲ್ಲವರು, ಹೇಳಿದವರು ಬೆಟ್ಟ ಇಳಿದು ಬಂದವರು, ನಡುವೆ ದುಭಾಷಿ. ನರಮೇಧವೆಂಬ ಆರೋಪಕ್ಕೆ ಒದಗುವ ಮಾತು ಕಾಗದಕ್ಕೆ ಬಂತು. ಉಳಿದ ಬದುಕು ಹೊರಗುಳಿಯಿತು. ನನ್ನ ಮಟ್ಟಿಗೆ ಅದು ಆ ವರದಿಯ ದೊಡ್ಡ ಕೊರತೆ.

1987ರಲ್ಲಿ ಹುಟ್ಟಿದ ಲಂಡನ್ನಿನ ಟಿಬೆಟ್ ಮಾಹಿತಿ ಜಾಲ ಬೇರೆ ಹಾದಿ ಹಿಡಿಯಿತು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಂದಿಗೆ ತಾಳೆ ನೋಡುವುದು, ಹೊಂದದಿದ್ದರೆ ಬದಿಗಿಡುವುದು. ಪ್ರಚಾರಕ್ಕೂ ದಾಖಲೆಗೂ ವ್ಯತ್ಯಾಸ ಇರುವುದೇ ಅಲ್ಲಿ.

ಆದರೆ ಜಗತ್ತು ಕಿವಿಗೊಟ್ಟದ್ದು ಒಬ್ಬ ಮುದುಕನಿಗೆ. ಭಿಕ್ಷು ಪಾಲ್ದೆನ್ ಗ್ಯಾತ್ಸೊ 33 ವರ್ಷ ಸೆರೆಮನೆ, ದುಡಿಮೆ ಶಿಬಿರಗಳಲ್ಲಿ ಕಳೆದು 1992ರಲ್ಲಿ ಹೊರಬಂದರು. ಟಿಬೆಟ್ ಬಿಟ್ಟು ಬರುವಾಗ ಚಿತ್ರಹಿಂಸೆಯ ಸಲಕರಣೆಗಳನ್ನೇ ಲಂಚ ಕೊಟ್ಟು ಸಂಪಾದಿಸಿ ತಂದಿದ್ದರು: ವಿದ್ಯುತ್ ಲಾಠಿ, ಕೈಕೋಳ, ಚಾಕು. ಅಂಥದೇ ಲಾಠಿಯನ್ನು ಕಾವಲುಗಾರನೊಬ್ಬ ಬಾಯಿಗೆ ತುರುಕಿದ್ದರಿಂದ ಅವರು ಹಲ್ಲು ಕಳೆದುಕೊಂಡಿದ್ದರು. 1995ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗದ ಮುಂದೆ ಮಾತಾಡಿದರು. ಅವರು ಹೇಳಿದ ಆತ್ಮಕಥೆಯನ್ನು ಇತಿಹಾಸಕಾರ ತ್ಸೆರಿಂಗ್ ಶಾಕ್ಯ ಬರೆದುಕೊಂಡರು. ಪುಸ್ತಕ 1997ರಲ್ಲಿ ಬಂತು.

ಆಮೇಲೆ ಕ್ಯಾಮೆರಾ ಬಂತು. 2006ರ ಸೆಪ್ಟೆಂಬರ್ 30ರಂದು ಟಿಬೆಟ್ ಗಡಿಯ ನಾಂಗ್ಪಾ ಲಾ ಕಣಿವೆಮಾರ್ಗದ ಹಿಮದಲ್ಲಿ ನಡೆದುಹೋಗುತ್ತಿದ್ದ ಟಿಬೆಟನ್ನರ ಮೇಲೆ ಚೀನಾದ ಗಡಿ ಪೊಲೀಸರು ಗುಂಡು ಹಾರಿಸಿದ್ದನ್ನು ರೊಮೇನಿಯಾದ ಪರ್ವತಾರೋಹಿಯೊಬ್ಬ ಚಿತ್ರೀಕರಿಸಿದ. 17 ವರ್ಷದ ಭಿಕ್ಷುಣಿ ಸತ್ತಳು. ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದೆವೆಂಬ ಚೀನಾದ ಹೇಳಿಕೆ ಆ ದೃಶ್ಯದ ಮುಂದೆ ನಿಲ್ಲಲಿಲ್ಲ. ಬದುಕುಳಿದು ಭಾರತ ಮುಟ್ಟಿದವರು ಕಂಡದ್ದನ್ನು ಹೇಳಿದರು.

2008ರಲ್ಲಿ ಟಿಬೆಟಿನಲ್ಲಿ ನಡೆದ ಪ್ರತಿಭಟನೆಗಳ ನಂತರ ಗಡಿಯೇ ಬಿಗಿಯಾಯಿತು. ಅದಕ್ಕೆ ಮುಂಚೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ಈಚೆಗೆ ನೂರೂ ದಾಟುತ್ತಿಲ್ಲ. ಹೊಸ ಸಾಕ್ಷಿಗಳಿಲ್ಲದಾಗ ಹಳಬರ ಬೆಲೆ ಏರಿತು. ಟಿಬೆಟ್ ಮೌಖಿಕ ಇತಿಹಾಸ ಯೋಜನೆಯವರು ಅದಕ್ಕೆ ಮುಂಚೆಯೇ ನಮ್ಮ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳಿಗೂ ಬಂದು ಹಿರಿಯರ ನೆನಪುಗಳನ್ನು ವಿಡಿಯೊದಲ್ಲಿ ಹಿಡಿಯತೊಡಗಿದ್ದರು. ಅವರ ಸಂದರ್ಶನಗಳಲ್ಲಿ ಪ್ರಶ್ನೆ ಬಾಲ್ಯದಿಂದ, ಹಿಂಡು-ಹೊಲದಿಂದ ಶುರುವಾಗುತ್ತದೆ. 1960ರ ವರದಿಯಲ್ಲಿ ಬಿಟ್ಟುಹೋದದ್ದು ಇದೇ.

ಬೈಲಕುಪ್ಪೆಯ ಚಿನ್ನದ ದೇಗುಲಕ್ಕೆ ಹೋಗಿ ಫೋಟೊ ತೆಗೆಸಿಕೊಂಡು ಬರುವವರು ನಾವು. ಅಲ್ಲಿನ ಹಿರಿಯರಲ್ಲಿ 1959ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಆ ಕ್ಯಾಂಪುಗಳಲ್ಲಿ ಕನ್ನಡ ಬಲ್ಲ ಟಿಬೆಟನ್ನರಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಅವರನ್ನು ದುಭಾಷಿಗಳಾಗಿ ಜೊತೆಗಿಟ್ಟುಕೊಂಡು ಹಿರಿಯರ ಮಾತು ದಾಖಲಿಸಲು ಈ ವರ್ಷವೇ ಅಲ್ಲಿಗೆ ಹೋಗಲಿ.