ಡಬ್ಬಿಯೊಳಗೆ ಹೋಗುವ ಜೂಜಿನ ಬಿಲ್ಲೆ

ಕ್ಯಾಸಿನೊ ಚಿಪ್ ಅಂದರೆ ಜೂಜಿನ ಮೇಜಿನ ಮೇಲೆ ಹಣದ ಬದಲು ಇಡುವ ಬಿಲ್ಲೆ. ಅಗಲ ಸುಮಾರು 39 ಮಿಲಿಮೀಟರ್, ತೂಕ 10 ಗ್ರಾಂ ಆಸುಪಾಸು. ಅಮೆರಿಕದ ನೆವಾಡಾ ರಾಜ್ಯ 1931ರಲ್ಲಿ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟ ಮೇಲೆ ಲಾಸ್ ವೇಗಸ್‌ನಲ್ಲಿ ಎಷ್ಟೋ ಕ್ಯಾಸಿನೊಗಳು ಎದ್ದವು, ಮುಚ್ಚಿದವು. ಮುಚ್ಚಿದ ಮೇಲೆ ಉಳಿದ ಬಿಲ್ಲೆಗಳನ್ನು ನಾಶ ಮಾಡಬೇಕೆಂಬುದು ಅಲ್ಲಿನ ನಿಯಮ. 1993ರ ಅಕ್ಟೋಬರಿನಲ್ಲಿ ಸ್ಫೋಟಿಸಿ ಕೆಡವಿದ ಡ್ಯೂನ್ಸ್ ಹೋಟೆಲಿನ ಬಿಲ್ಲೆಯೊಂದು ಯಾರದೋ ಜೇಬಿನಲ್ಲಿ ಮನೆ ಸೇರಿದ್ದರೆ, ಈಗ ಅದೇ ಇತಿಹಾಸ. ಇಂಥವನ್ನು ಕೂಡಿಡುವವರು 1988ರಲ್ಲಿ ಸಂಘವನ್ನೂ ಕಟ್ಟಿಕೊಂಡರು.

ಬಿಲ್ಲೆ ಹೊಸದೋ, ಸವೆದದ್ದೋ? ಅಂಚನ್ನು ಬೆರಳಿನಿಂದ ಸವರಿ, ಅಕ್ಷರದ ಹೊಳಪು ನೋಡಿ ಹೇಳುತ್ತಾರೆ. ಹಳೆಯದಕ್ಕೆ ಎಣ್ಣೆ ಸವರಿ ಮಿಂಚಿಸುವವರೂ ಉಂಟು. ಹಾಗಿದ್ದರೆ ಮೂರನೆಯವರು ಪರೀಕ್ಷಿಸಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಟ್ಟರೆ ಆಗದೇ? ಇದಕ್ಕೆ ಉತ್ತರ ನಾಣ್ಯದ ಕಥೆಯಲ್ಲಿದೆ.

1949ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗೆ 1ರಿಂದ 70ರವರೆಗೆ ಅಂಕ ಇಡುವ ಪದ್ಧತಿ ತಂದರು. ಅಂಕ 70 ಇದ್ದರೆ ಬೆಲೆಯೂ 70 ಪಟ್ಟು ಎಂಬ ಲೆಕ್ಕ. ಬೆಲೆಯ ಲೆಕ್ಕ ಬೇಗ ಸುಳ್ಳಾಯಿತು, ಅಂಕ ಮಾತ್ರ ಉಳಿಯಿತು. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಕಂಪನಿಗಳು ಇದೇ ಅಂಕ ಹಾಕಿ ನಾಣ್ಯಗಳನ್ನು ಡಬ್ಬಿಗೆ ಸೇರಿಸತೊಡಗಿದವು. ನಕಲಿಯ ಭಯ ಕಡಿಮೆಯಾಯಿತು, ಕಾಣದ ನಾಣ್ಯವನ್ನು ದೂರದಿಂದಲೇ ಕೊಳ್ಳಬಹುದಾಯಿತು. ಅದು ನಿಜವಾದ ಉಪಕಾರವೇ. ಆದರೆ ನಾಣ್ಯದ ಗಂಧವೇ ಇಲ್ಲದ ವಾಲ್ ಸ್ಟ್ರೀಟಿನ ದುಡ್ಡೂ ಬಂತು. 1989ರಲ್ಲಿ ಬೆಲೆ ನೆತ್ತಿಗೇರಿತು, ಮರುವರ್ಷ ಕುಸಿಯಿತು.

ಡಬ್ಬಿ ಇದ್ದರೆ ಮೋಸವೇ ಇಲ್ಲ ಅನ್ನಬೇಡಿ. ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಚಿತ್ರವಿರುವ ಹಳೆಯ ಕಾರ್ಡೊಂದು 1991ರಲ್ಲಿ 4,51,000 ಡಾಲರಿಗೆ ಹೋಯಿತು. ಆಮೇಲೆ ಪಿಎಸ್‌ಎ ಕಂಪನಿ ಅದಕ್ಕೆ 10ಕ್ಕೆ 8 ಅಂಕ ಕೊಟ್ಟಿತು. ಅದರ ಅಂಚನ್ನು ತಾನೇ ಕತ್ತರಿಸಿದ್ದೆ ಎಂದು ಹರಾಜುಗಾರ ಬಿಲ್ ಮ್ಯಾಸ್ಟ್ರೋ 2013ರಲ್ಲಿ ಒಪ್ಪಿಕೊಂಡ.

ಚಿಪ್ಪಿಗೂ ಇದೇ ಬಂದರೆ? ಬಹುಪಾಲು ಚಿಪ್ಪುಗಳು ಕೆಲವೇ ಡಾಲರಿಗೆ ಸಿಗುವಂಥವು. ಪರೀಕ್ಷೆಯ ಶುಲ್ಕವೇ ಬಿಲ್ಲೆಗಿಂತ ದುಬಾರಿಯಾದೀತು. ಆಗ ಡಬ್ಬಿ ದೊಡ್ಡ ಬೆಲೆಯ ಬಿಲ್ಲೆಗೆ ಮಾತ್ರ, ಉಳಿದದ್ದು ಕಸದ ಲೆಕ್ಕ. ಯಾವ ಕ್ಯಾಸಿನೊದ್ದು ಎಷ್ಟು ಉಳಿದಿವೆ ಎಂಬುದೂ ಗಟ್ಟಿಯಿಲ್ಲ. ಅಟ್ಟದ ಮೇಲಿನ ಒಂದು ಪೆಟ್ಟಿಗೆ ತೆರೆದರೆ ಅಪರೂಪದ್ದು ಅಗ್ಗವಾಗುತ್ತದೆ. ಅಂಕ ಅದನ್ನು ಹೇಳುವುದಿಲ್ಲ.

ನನಗೆ ಹೆಚ್ಚು ಕಾಡುವುದು ಬೇರೆ. ಪೂರ್ಣ ಅಂಕ ಸಿಗುವುದು ಮೇಜಿಗೇ ಬಾರದ ಬಿಲ್ಲೆಗೆ. ರಾತ್ರಿಯಿಡೀ ಕೈಯಿಂದ ಕೈಗೆ ಓಡಾಡಿ, ಸಾವಿರ ಬೆರಳಿನ ಬೆವರು ಕುಡಿದು ಅಂಚು ಸವೆದದ್ದಕ್ಕೆ ಕಡಿಮೆ ಅಂಕ. ನಾಣ್ಯದವರಲ್ಲಂತೂ ಡಬ್ಬಿ ಒಡೆದು, ಇನ್ನೊಂದು ಅಂಕ ಹೆಚ್ಚು ಬಂದೀತೆಂದು ಅದೇ ನಾಣ್ಯವನ್ನು ಮತ್ತೆ ಕಳಿಸುವವರಿದ್ದಾರೆ. ಅದಕ್ಕೆ ಅವರಲ್ಲಿ ಕ್ರ್ಯಾಕ್‌ಔಟ್ ಎಂಬ ಹೆಸರೇ ಇದೆ.